ಹೆಣ್ಣೂರಿನ ಮಕ್ಕಳಿಗೆ ಆಫ್ರಿಕಾ ಕಲಿಸುವುದು

ನಮ್ಮ ಶನಿವಾರದ ಕ್ಲಾಸಿನಲ್ಲಿ ಒಂದು ನಿಯಮ ಇದೆ. ಯಾರಾದರೂ "ಆಫ್ರಿಕಾದಲ್ಲಿ..." ಅಂತ ಮಾತು ಶುರು ಮಾಡಿದರೆ ಉಳಿದವರೆಲ್ಲ ಸೇರಿ "ಯಾವೂರು?" ಅಂತ ಕೇಳಬೇಕು. ಊರು ಗೊತ್ತಿಲ್ಲದಿದ್ದರೆ ದೇಶದ ಹೆಸರು ಹೇಳಬಹುದು. ಅದೂ ಗೊತ್ತಿಲ್ಲ ಅಂದರೆ ಗೋಡೆಯ ನಕ್ಷೆ ಹತ್ತಿರ ಹೋಗಿ, ಹುಡುಕಿ, ಆಮೇಲೆ ಬಂದು ಮಾತು ಮುಂದುವರಿಸಬೇಕು. ಈ ನಿಯಮ ನನಗೂ ಇದೆ. ಮಕ್ಕಳಿಗೆ ನನ್ನನ್ನು ಹಿಡಿಯುವುದರಲ್ಲೇ ಜಾಸ್ತಿ ಖುಷಿ.

ನಾನು ಬೆಂಗಳೂರಿನ ಹೆಣ್ಣೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಶನಿವಾರ ಬೆಳಗಿನ ಶಾಲೆ. ಅದು ಬಿಟ್ಟ ಮೇಲೆ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಲ್ಲಿ ಇಷ್ಟ ಇದ್ದವರು ಉಳಿದುಕೊಳ್ಳುತ್ತಾರೆ. ಆಫ್ರಿಕಾದ ಜನ, ಊಟ, ಭಾಷೆ, ಚರಿತ್ರೆ, ಇದೇ ನಮ್ಮ ವಿಷಯ. "ಇದು ಪರೀಕ್ಷೆಗೆ ಬರುತ್ತಾ ಮೇಡಂ?" ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಬರುವುದಿಲ್ಲ. ಪರೀಕ್ಷೆಗೆ ಬರುವುದು ಬೇರೆ. ಸಮಭಾಜಕ ವೃತ್ತ, ಕರ್ಕಾಟಕ ಸಂಕ್ರಾಂತಿ ವೃತ್ತ, ಮಕರ ಸಂಕ್ರಾಂತಿ ವೃತ್ತ ಮೂರೂ ಹಾದುಹೋಗುವ ಖಂಡ ಯಾವುದು? ಸಹಾರಾ ಎಲ್ಲಿದೆ? ಸಾಮಾನ್ಯ ಜ್ಞಾನದ ಗೈಡುಗಳಲ್ಲಂತೂ "ಕಗ್ಗತ್ತಲ ಖಂಡ ಯಾವುದು?" ಅನ್ನುವ ಪ್ರಶ್ನೆ ಇನ್ನೂ ಹೋಗಿಲ್ಲ. ನದಿ ಬರುತ್ತದೆ, ಮರುಭೂಮಿ ಬರುತ್ತದೆ, ಆನೆ ಸಿಂಹ ಬರುತ್ತವೆ, ಚಿನ್ನ ವಜ್ರದ ಗಣಿ ಬರುತ್ತದೆ. ಮನುಷ್ಯರು ಮಾತ್ರ ಬರುವುದಿಲ್ಲ.

ಆ ಮನುಷ್ಯರು ನಮ್ಮ ಶಾಲೆಯ ಪಕ್ಕದ ಬೀದಿಯಲ್ಲೇ ಇದ್ದಾರೆ. ಹೆಣ್ಣೂರು, ಕೊತ್ತನೂರು, ಕಮ್ಮನಹಳ್ಳಿ, ಬಾಣಸವಾಡಿ ಕಡೆ ಓಡಾಡಿದವರಿಗೆ ಗೊತ್ತು. ನೈಜೀರಿಯಾ, ತಾಂಜಾನಿಯಾ, ಉಗಾಂಡಾ, ಸುಡಾನ್, ಕಾಂಗೋ ದೇಶಗಳಿಂದ ಓದಲು ಬಂದವರು ಇಲ್ಲಿ ಬಾಡಿಗೆ ಮನೆಗಳಲ್ಲಿದ್ದಾರೆ. ನಮ್ಮ ಮಕ್ಕಳಲ್ಲಿ ಕೆಲವರ ಅಪ್ಪಂದಿರು ಅವರನ್ನು ದಿನಾ ಆಟೋದಲ್ಲಿ ಕಾಲೇಜಿಗೆ ಬಿಡುತ್ತಾರೆ. ಒಂದೇ ಅಂಗಡಿಯಲ್ಲಿ ಹಾಲು ತರುತ್ತಾರೆ. ಆದರೂ ಒಬ್ಬ ಹುಡುಗ ನನ್ನ ಹತ್ತಿರ ಬಂದು, ತುಂಬಾ ಗಂಭೀರವಾಗಿ, "ಅವರು ಮನುಷ್ಯರ ಮಾಂಸ ತಿಂತಾರಂತೆ, ಹೌದಾ ಮಿಸ್?" ಅಂತ ಕೇಳಿದ. ಆ ಹುಡುಗ ಕೆಟ್ಟವನಲ್ಲ. ದೊಡ್ಡವರು ಜಗಲಿ ಮೇಲೆ ಕೂತು ಆಡಿದ ಮಾತು ಅದು. ಅವನು ನಿಜಾನಾ ಅಂತ ಕೇಳಲಾದರೂ ಬಂದ. ದೊಡ್ಡವರು ಕೇಳಲೇ ಇಲ್ಲ.

ಈ ಗೊತ್ತಿಲ್ಲದಿರುವಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಬೆಂಗಳೂರು ಒಂದು ಸಲ ನೋಡಿದೆ. 2016ರ ಜನವರಿ 31ರ ರಾತ್ರಿ, ಹೆಸರಘಟ್ಟ ರಸ್ತೆಯ ಕಡೆ, ಸುಡಾನಿನ ಒಬ್ಬ ವಿದ್ಯಾರ್ಥಿ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಒಬ್ಬ ಹೆಣ್ಣುಮಗಳು ಸತ್ತರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಗೆಳೆಯರ ಜೊತೆ ಬಂದಳು. ಅವಳಿಗೂ ಆ ಅಪಘಾತಕ್ಕೂ ಏನೂ ಸಂಬಂಧ ಇರಲಿಲ್ಲ. ಜನ ಅವಳ ಮೇಲೆ ಬಿದ್ದರು, ಹೊಡೆದರು, ಕಾರಿಗೆ ಬೆಂಕಿ ಇಟ್ಟರು. ಸುಡಾನಿನ ಖಾರ್ಟೂಮಿಗೂ ತಾಂಜಾನಿಯಾದ ದಾರ್ ಎಸ್ ಸಲಾಮಿಗೂ ಮಧ್ಯೆ ಎರಡೂವರೆ ಸಾವಿರ ಕಿಲೋಮೀಟರಿನಷ್ಟು ದೂರ ಇದೆ. ನಮ್ಮಿಂದ ದೆಹಲಿ ಕೂಡ ಅಷ್ಟು ದೂರ ಇಲ್ಲ. ಗುಂಪಿನ ಕಣ್ಣಿಗೆ ಇಬ್ಬರೂ ಒಂದೇ ಊರಿನವರು. "ಯಾವೂರು?" ಅನ್ನುವ ನಿಯಮ ನನಗೆ ಯಾಕೆ ಇಷ್ಟು ಮುಖ್ಯ ಅಂದರೆ ಇದಕ್ಕೇ.

ಮೊದಲ ಪಾಠ ಕತ್ತರಿಯದ್ದು. ಒಂದೇ ಅಳತೆಯ ನಕ್ಷೆಗಳಿಂದ ಭಾರತವನ್ನು ಕತ್ತರಿಸಿ ಆಫ್ರಿಕಾದ ಮೇಲೆ ಜೋಡಿಸುವುದು. ಸುಮಾರು ಒಂಬತ್ತು ಭಾರತ ಹಿಡಿಯುತ್ತದೆ. ಮೂರು ಕೋಟಿ ಚದರ ಕಿಲೋಮೀಟರ್, 54 ದೇಶ. ಶಾಲೆಗಳ ಗೋಡೆಯಲ್ಲಿರುವ ಹಳೆಯ ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಇದಕ್ಕೆ ಅರ್ಧ ಗಂಟೆ ಸಾಕು. ಇಷ್ಟು ದೊಡ್ಡ ಜಾಗದ ಬಗ್ಗೆ ಒಂದೇ ವಾಕ್ಯ ಹೇಳೋಕೆ ಆಗಲ್ಲ ಅಂತ ಮಕ್ಕಳಿಗೆ ಆಗಲೇ ಗೊತ್ತಾಗಿರುತ್ತದೆ.

ಆಮೇಲೆ ಊಟಕ್ಕೆ ಬರುತ್ತೇವೆ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನಮ್ಮ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಇಥಿಯೋಪಿಯಾ, ಉಗಾಂಡಾ ಕಡೆ. ಅಲ್ಲಿನ ರೈತರು ಕಾಡು ಹುಲ್ಲನ್ನು ಪಳಗಿಸಿ ಬೆಳೆ ಮಾಡಿದರು. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆ ಬಂತು. ಜೋಳವೂ ಅಷ್ಟೇ. ಪೂರ್ವ ಸುಡಾನಿನಲ್ಲಿ ಐದು ಸಾವಿರ ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಅಚ್ಚು ಸಿಕ್ಕಿದೆ. ಸಜ್ಜೆ ಬಂದದ್ದು ಪಶ್ಚಿಮದ ಮಾಲಿ ದೇಶದ ಕಡೆಯಿಂದ, ಸಹಾರಾದ ಅಂಚಿನಿಂದ. ಅಲಸಂದೆಯೂ ಆಫ್ರಿಕಾದ ಬೆಳೆ. ಹುಣಸೆಯೂ ಆ ನೆಲದ್ದೇ ಮರ. ಕಾಫಿ ಇಥಿಯೋಪಿಯಾದಿಂದ ಯೆಮನ್‌ಗೆ ಹೋಗಿ, ಅಲ್ಲಿಂದ ಬಾಬಾ ಬುಡನ್ ಅವರ ಜೊತೆ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಂತು ಅನ್ನುವ ಕತೆ ಎಲ್ಲರಿಗೂ ಗೊತ್ತಿದೆ.

ನಾನು ಸವಣೂರಿನವಳು. ನಮ್ಮ ಮನೆಯಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ. ಊರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಭಾರೀ ಮರಗಳಿವೆ. ನಾವು ಅದನ್ನು ದೊಡ್ಡ ಹುಣಸೆ ಅನ್ನುತ್ತೇವೆ. ಚಿಕ್ಕವಳಿದ್ದಾಗ ಅದರ ಬುಡ ಸುತ್ತಲು ಎಷ್ಟು ಜನ ಕೈ ಹಿಡಿದು ನಿಲ್ಲಬೇಕು ಅಂತ ಪಂದ್ಯ ಕಟ್ಟುತ್ತಿದ್ದೆವು. ಅದು ಆಫ್ರಿಕಾದ ಬಾವೊಬಾಬ್. ಮಳೆಗಾಲದಲ್ಲಿ ನೀರು ಕುಡಿದು ಕಾಂಡದಲ್ಲಿ ಇಟ್ಟುಕೊಂಡು ಬೇಸಿಗೆ ಕಳೆಯುವ ಮರ. ಯಾರೋ ಒಬ್ಬರು ಅದರ ಬೀಜವನ್ನು ಸಮುದ್ರ ದಾಟಿಸಿ ತಂದಿರಬೇಕು, ಅಲ್ವಾ? ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಆ ಮರದಿಂದಲೇ.

ರಾಗಿಯ ಕತೆ ಹಳೆಯ ಕಾಲಕ್ಕೇ ಮುಗಿದಿಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿ ತಳಿಗಳನ್ನು ನಮ್ಮ ತಳಿಗಳ ಜೊತೆ ಕೂಡಿಸಿ ಹೊಸ ರಾಗಿ ತೆಗೆದರು. ಅದಕ್ಕೆ ಇಂಡಾಫ್ ಅಂತ ಹೆಸರು. ಅರ್ಧ ಇಂಡಿಯಾ, ಅರ್ಧ ಆಫ್ರಿಕಾ. ಇಳುವರಿ ತುಂಬಾ ಏರಿತು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಇದನ್ನು ಹೇಳಿದಾಗ ಹೊಸಕೋಟೆ ಕಡೆಯ ಒಬ್ಬ ಹುಡುಗ ಬೆಂಚಿನಿಂದ ಎದ್ದೇ ಬಿಟ್ಟ. "ಇಂಡಾಫ್ ನಮ್ಮ ತಾತ ಬಿತ್ತುತ್ತಿದ್ರು ಮಿಸ್. ಅದು ಆಫ್ರಿಕಾದ್ದಾ?" "ಯಾವೂರು?" ಅಂತ ಇಡೀ ಕ್ಲಾಸು ಕೂಗಿತು. ಅವನು ನಕ್ಷೆ ಹತ್ತಿರ ಓಡಿದ.

ಈ ಪಾಠ ಮುಗಿದ ಮೇಲೆ ಅತಿಥಿಯನ್ನು ಕರೆಸುತ್ತೇನೆ. ಮೊದಲೇ ಅಲ್ಲ. ಮಕ್ಕಳಿಗೆ ಕೇಳಲು ಏನಾದರೂ ಇರಬೇಕು. ಇಲ್ಲದಿದ್ದರೆ ಅವರು ಸುಮ್ನೆ ನೋಡುತ್ತಾ ಕೂರುತ್ತಾರೆ. ಬಂದವರಿಗೆ ಅದಕ್ಕಿಂತ ಹಿಂಸೆ ಬೇರೆ ಇಲ್ಲ.

ಈ ವರ್ಷ ಬಂದವಳು ಉಗಾಂಡಾದ ಪಶ್ಚಿಮ ಭಾಗದ, ಎಂಬರಾರಾ ಕಡೆಯ ಒಬ್ಬ ವಿದ್ಯಾರ್ಥಿನಿ. ಇಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಬರುವ ಮುಂಚೆ ಎರಡು ಮಾತು ಹೇಳಿದಳು. ಯಾರೂ ಕೂದಲು ಮುಟ್ಟಬಾರದು. ಇಡೀ ಆಫ್ರಿಕಾದ ಬಗ್ಗೆ ಕೇಳಬಾರದು, ತನಗೆ ತನ್ನ ಊರು ಗೊತ್ತು, ಕಂಪಾಲಾ ಗೊತ್ತು, ಅಷ್ಟೇ. ಅವಳಿಗೆ ನಮ್ಮ ನಿಯಮ ಹೇಳಿದೆ. ಜೋರಾಗಿ ನಕ್ಕಳು.

ಮಕ್ಕಳು ಅವಳನ್ನು ಅಕ್ಕ ಅಂತ ಕರೆದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳು ತನ್ನ ಮನೆಯ ಊಟದಿಂದ ಶುರು ಮಾಡಿದಳು. ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಕೆಲವೊಮ್ಮೆ ಸ್ವಲ್ಪ ಮರಗೆಣಸಿನ ಹಿಟ್ಟೂ ಸೇರಿಸಿ, ಗಟ್ಟಿಯಾಗುವ ತನಕ ಮರದ ಸಟ್ಟುಗದಿಂದ ತಿರುವುವುದು. ಅದರ ಹೆಸರು ಕಾಲೊ. ಹೆಣೆದ ಪುಟ್ಟ ಬುಟ್ಟಿಯಲ್ಲಿಟ್ಟು ಮುಚ್ಚಳ ಹಾಕಿ ಬಡಿಸುತ್ತಾರೆ. ಕೈಯಲ್ಲಿ ಮುರಿದು, ತುಪ್ಪದಿಂದ ಮಾಡುವ ಎಶಾಬ್ವೆ ಅನ್ನುವ ಬಿಳಿ ಗೊಜ್ಜಿನಲ್ಲಿ ಅದ್ದಿ ತಿನ್ನುವುದು. ಅವಳು ಕೈ ತಿರುಗಿಸಿ ತೋರಿಸುತ್ತಿದ್ದಾಗಲೇ ಹಿಂದಿನ ಬೆಂಚಿನಿಂದ "ಮುದ್ದೆ!" ಅಂತ ಕೂಗು ಬಂತು. ಮುಂದಿನ ಪ್ರಶ್ನೆ ನಮ್ಮ ಕಡೆಯವರೇ ಕೇಳಬಲ್ಲ ಪ್ರಶ್ನೆ. "ಅಕ್ಕ, ನೀವು ಅಗಿದು ತಿಂತೀರಾ, ನುಂಗ್ತೀರಾ?" ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವಳಿಗೆ ಮೊದಲು ಪ್ರಶ್ನೆಯೇ ಅರ್ಥ ಆಗಲಿಲ್ಲ. ಅಗಿಯದೆ ನುಂಗುತ್ತಾರೆ ಅಂದದ್ದಕ್ಕೆ ಅವಳ ಮುಖ ನೋಡಬೇಕಿತ್ತು. ಹೇಗೆ ನುಂಗುವುದು ಅಂತ ಮಕ್ಕಳು ಅವಳಿಗೆ ಪಾಠ ಮಾಡಿದರು.

ಕಂಪಾಲಾದ ಬೀದಿಗಳಲ್ಲಿ ರೋಲೆಕ್ಸ್ ಅಂತ ಒಂದು ತಿಂಡಿ ಸಿಗುತ್ತದಂತೆ. ಚಪಾತಿ ಮೇಲೆ ಆಮ್ಲೆಟ್ ಇಟ್ಟು, ಎಲೆಕೋಸು ಟೊಮೆಟೊ ಹಾಕಿ ಸುರುಳಿ ಸುತ್ತಿ ಕೊಡುವುದು. ಇದು ನಮ್ಮ ಎಗ್ ರೋಲ್ ಅಲ್ವಾ ಅಂತ ಮಕ್ಕಳು. ಉಗಾಂಡಾಕ್ಕೆ ಚಪಾತಿ ಹೇಗೆ ಹೋಯಿತು? ಇಲ್ಲಿ ನನಗೆ ಪಾಠ ಸಿಕ್ಕಿತು. ಗುಜರಾತಿನ ವ್ಯಾಪಾರಿಗಳು ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಮೊದಲಿನಿಂದ ಇದ್ದರು. 1896ರಲ್ಲಿ ಬ್ರಿಟಿಷರು ಈಗಿನ ಕೀನ್ಯಾದ ಮೊಂಬಾಸಾದಿಂದ ಉಗಾಂಡಾ ಕಡೆಗೆ ರೈಲು ದಾರಿ ಹಾಕಲು ಶುರು ಮಾಡಿದರು. ಅದಕ್ಕೆ ಭಾರತದಿಂದ, ಹೆಚ್ಚಾಗಿ ಪಂಜಾಬಿನಿಂದ, 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಸಾಗಿಸಿದರು. ಸುಮಾರು ಎರಡೂವರೆ ಸಾವಿರ ಜನ ಅಲ್ಲೇ ಸತ್ತರು. ಉಳಿದವರಲ್ಲಿ ಕೆಲವು ಸಾವಿರ ಜನ ಅಲ್ಲೇ ಬದುಕು ಕಟ್ಟಿಕೊಂಡರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನೆಲ್ಲ 90 ದಿನದೊಳಗೆ ಹೊರಡಿ ಅಂತ ಓಡಿಸಿದ. ಜನ ಹೋದರು, ಚಪಾತಿ ಉಳಿಯಿತು. "ನಮ್ಮವರನ್ನೂ ಓಡಿಸಿದ್ರಾ?" ಅಂತ ಒಬ್ಬಳು ಮೆಲ್ಲಗೆ ಕೇಳಿದಳು. ಹೌದು, ಬಣ್ಣ ನೋಡಿ, ಹೆಸರು ನೋಡಿ ಓಡಿಸಿದ್ದು. ಇದನ್ನೂ ಮರೆಸದೆ ಹೇಳಬೇಕು. ಆಫ್ರಿಕಾದ ಬಗ್ಗೆ ಬರೀ ಒಳ್ಳೆಯದನ್ನೇ ಹೇಳಿದರೆ ಅದೂ ಮಕ್ಕಳಿಗೆ ಮಾಡುವ ಮೋಸ.

ಭಾಷೆಯ ಮಾತು ಬಂತು. ಅವಳ ಮನೆಯಲ್ಲಿ ರುನ್ಯಾಂಕೊಲೆ. ಕಂಪಾಲಾದಲ್ಲಿ ಲುಗಾಂಡಾ. ಶಾಲೆಯಲ್ಲಿ ಇಂಗ್ಲಿಷ್. ಅಲ್ಲಿ ಇಲ್ಲಿ ಸ್ವಲ್ಪ ಸ್ವಾಹಿಲಿ. ನಮ್ಮ ಕ್ಲಾಸಿನಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನ ಮಕ್ಕಳೇ ಜಾಸ್ತಿ. ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ. ಇಷ್ಟೊಂದು ಭಾಷೆ ಹೇಗೆ ಬರುತ್ತೆ ಅಂತ ಅವಳನ್ನು ಯಾರೂ ಕೇಳಲಿಲ್ಲ. ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. "ಅಗಾಂಡಿ" ಅಂದರೆ "ನಿಮರುಂಗಿ" ಅಂತ ಉತ್ತರ ಕೊಡುವುದನ್ನು ಕಲಿತರು. ಆಮೇಲೆ ಒಬ್ಬ ಹುಡುಗ ಕೇಳಿದ: "ಅಕ್ಕ, ಇಲ್ಲಿ ನಿಮಗೆ ಏನು ಇಷ್ಟ ಇಲ್ಲ?" ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತುಕೊಂಡೇ ಹೋಗುವುದು ಅಂದಳು. ಅದೇ ಮನೆಗೆ ತನಗೆ ಬೇರೆ ಬಾಡಿಗೆ ಹೇಳುವುದು ಅಂದಳು. ಇದನ್ನು ಕನ್ನಡಕ್ಕೆ ತಿರುಗಿಸುವಾಗ ನನ್ನ ಗಂಟಲು ಕಟ್ಟಿತು. ಆದರೂ ಒಂದು ಮಾತೂ ಬಿಡದೆ ಹೇಳಿದೆ.

ಲಿಪಿಯ ಪಾಠ ನನ್ನ ಮೆಚ್ಚಿನದು. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಗೆ ತನ್ನದೇ ಲಿಪಿ ಇದೆ, ಗೀಝ್ ಲಿಪಿ. ನಾಲ್ಕನೇ ಶತಮಾನದ ಹೊತ್ತಿಗೆ, ಅಕ್ಸುಮ್ ರಾಜ್ಯದ ಎಜಾನಾ ರಾಜನ ಕಾಲದಲ್ಲಿ, ಅದರಲ್ಲಿ ಸ್ವರ ತೋರಿಸಲು ಶುರು ಮಾಡಿದ್ದರು. ಹೇಗೆ? ನಮ್ಮ ಕಾಗುಣಿತದ ಹಾಗೇ. ಒಂದು ಅಕ್ಷರ, ಅದಕ್ಕೆ ಸಣ್ಣ ಗೆರೆ, ಬಾಲ, ಉಂಗುರ ಸೇರಿಸಿದರೆ ಲೆ, ಲು, ಲಿ, ಲಾ, ಲೇ, ಲ್, ಲೋ. ಪ್ರತಿ ಅಕ್ಷರಕ್ಕೂ ಏಳು ರೂಪ. ಇಂಗ್ಲಿಷ್ ಮಾತ್ರ ಓದಿದವರಿಗೆ ಇದನ್ನು ವಿವರಿಸಲು ತುಂಬಾ ಹೊತ್ತು ಬೇಕು. ಕನ್ನಡ ಮೀಡಿಯಂ ಮಕ್ಕಳಿಗೆ ಐದು ನಿಮಿಷ. ಬೋರ್ಡಿನ ಮೇಲೆ ಒಂದು ಸಾಲು ಬರೆದೆ, ಎರಡನೇ ಸಾಲನ್ನು ಅವರೇ ಊಹಿಸಿ ತುಂಬಿದರು. ತಪ್ಪಾದದ್ದು ಕಡಿಮೆ. ಇಂಗ್ಲಿಷ್ ಬರಲ್ಲ ಅಂತ ದಿನಾ ತಲೆ ತಗ್ಗಿಸುವ ಮಕ್ಕಳು ಅವತ್ತು ತಲೆ ಎತ್ತಿಕೊಂಡು ಕೂತಿದ್ದರು. ಇಥಿಯೋಪಿಯಾದ ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದಕ್ಕೆ ಐದೋ ಆರೋ ದಿನ ಅಂದಾಗ ಮಾತ್ರ ಯಾರೂ ನಂಬಲಿಲ್ಲ. ಕ್ಯಾಲೆಂಡರ್ ತೋರಿಸಬೇಕಾಯಿತು.

ಇದರ ಜೊತೆಗೇ ಗಿನಿ ದೇಶದ ಇಬ್ಬರು ಅಣ್ಣತಮ್ಮಂದಿರ ಕತೆ ಹೇಳುತ್ತೇನೆ. ಇಬ್ರಾಹಿಮಾ ಬ್ಯಾರಿ, ಅಬ್ದುಲಾಯೆ ಬ್ಯಾರಿ. ಅವರ ಮಾತು ಫುಲಾನಿ, ಪಶ್ಚಿಮ ಆಫ್ರಿಕಾದ ಅನೇಕ ದೇಶಗಳಲ್ಲಿ ಕೋಟ್ಯಂತರ ಜನ ಆಡುವ ಭಾಷೆ. ಅರೇಬಿಕ್ ಲಿಪಿಯಲ್ಲಿ ಬರೆದರೆ ಅದರ ಕೆಲವು ಸದ್ದುಗಳು ಸರಿಯಾಗಿ ಕೂರುತ್ತಿರಲಿಲ್ಲ. ಊರಿನವರಿಗೆ ಬಂದ ಪತ್ರಗಳನ್ನು ಓದುವುದೇ ಕಷ್ಟ. 1980ರ ದಶಕದ ಕೊನೆಯಲ್ಲಿ, ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿ, ಈ ಹುಡುಗರು ಕೋಣೆಯಲ್ಲಿ ಕೂತು ಹೊಸ ಅಕ್ಷರಗಳನ್ನೇ ಮಾಡಿದರು. ತಂಗಿಗೆ ಕಲಿಸಿದರು, ಸಂತೆಯಲ್ಲಿ ಕಲಿಸಿದರು, ಕೈಯಲ್ಲೇ ಪುಸ್ತಕ ಬರೆದು ಹಂಚಿದರು. ಅದು ಅಡ್ಲಂ ಲಿಪಿ. 2016ರಲ್ಲಿ, ಕಂಪ್ಯೂಟರು ಫೋನುಗಳು ಅಕ್ಷರ ಗುರುತಿಸಲು ಬಳಸುವ ಯೂನಿಕೋಡಿಗೆ ಸೇರಿತು. ಇವತ್ತು ಫೋನಿನಲ್ಲಿ ಟೈಪ್ ಮಾಡಬಹುದು. ನಮ್ಮ ಕ್ಲಾಸಿನ ಮಕ್ಕಳ ವಯಸ್ಸಿನವರು ಮಾಡಿದ ಕೆಲಸ. ಆಫ್ರಿಕಾದಲ್ಲಿ ಸುಮಾರು ಎರಡು ಸಾವಿರ ಭಾಷೆಗಳಿವೆ ಅನ್ನುವ ಒಣ ಲೆಕ್ಕ ಮಕ್ಕಳಿಗೆ ನೆನಪಿರಲ್ಲ. ಈ ಅಣ್ಣತಮ್ಮಂದಿರು ನೆನಪಿರುತ್ತಾರೆ.

ಚರಿತ್ರೆಗೆ ನಾನು ಹಂಪಿಯಿಂದ ಹೋಗುತ್ತೇನೆ. ಶಾಲಾ ಪ್ರವಾಸದಲ್ಲಿ ಎಲ್ಲರೂ ಹಂಪಿ ನೋಡಿದ್ದಾರೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆಗಳನ್ನು ಮುಟ್ಟಿದ್ದಾರೆ. ಅದೇ ಥರ ಗಾರೆ ಇಲ್ಲದ ಗ್ರಾನೈಟ್ ಗೋಡೆಗಳು ಜಿಂಬಾಬ್ವೆಯಲ್ಲಿವೆ. ಗ್ರೇಟ್ ಜಿಂಬಾಬ್ವೆ ಅನ್ನುವ ಆ ನಗರವನ್ನು 11ರಿಂದ 15ನೇ ಶತಮಾನದ ಮಧ್ಯೆ ಶೋನಾ ಜನರ ಹಿರಿಯರು ಕಟ್ಟಿದರು. ಕೆಲವು ಕಡೆ ಗೋಡೆ 11 ಮೀಟರ್ ಎತ್ತರ. ಅಗೆದಾಗ ಚೀನಾದ ಪಿಂಗಾಣಿ ಸಿಕ್ಕಿತು, ಸಮುದ್ರದಾಚೆಯಿಂದ ಬಂದ ಗಾಜಿನ ಮಣಿಗಳು ಸಿಕ್ಕವು. ಅಲ್ಲಿ ಆಳುತ್ತಿದ್ದ ಬಿಳಿಯರು ಇದನ್ನು ಕರಿಯರು ಕಟ್ಟಿರಲು ಸಾಧ್ಯವೇ ಇಲ್ಲ, ಯಾರೋ ಹೊರಗಿನವರು ಕಟ್ಟಿದ್ದು ಅಂತ ಹೇಳುತ್ತಾ ಬಂದರು. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅನ್ನುವ ಬ್ರಿಟಿಷ್ ಪುರಾತತ್ವ ತಜ್ಞೆ ಅಗೆದು ನೋಡಿ, ಇದು ಆ ನೆಲದವರದ್ದೇ ಕೆಲಸ ಅಂತ ಸ್ಪಷ್ಟವಾಗಿ ಹೇಳಿದರು. ಆಮೇಲೂ ರೊಡೇಷಿಯಾ (ಆ ದೇಶದ ಆಗಿನ ಹೆಸರು) ಸರ್ಕಾರ ಆ ಮಾತನ್ನು ಒತ್ತಿ ಇಡಲು ನೋಡಿತು. 1980ರಲ್ಲಿ ದೇಶ ಸ್ವತಂತ್ರವಾದಾಗ ಜನ ಆ ಕಲ್ಲಿನ ನಗರದ ಹೆಸರನ್ನೇ ದೇಶಕ್ಕೆ ಇಟ್ಟರು. ಅಲ್ಲಿ ಸಿಕ್ಕ ಕಲ್ಲಿನ ಹಕ್ಕಿ ಬಾವುಟಕ್ಕೆ ಏರಿತು.

ಚರಿತ್ರೆಯ ಪಾಠದಲ್ಲಿ ಬರುವ ಇನ್ನೊಂದು ಹೆಸರು ಇಬ್ನ್ ಬತೂತಾ ಅನ್ನುವ ಪ್ರವಾಸಿಯದ್ದು. ಮೊರಾಕೊದ ಟಾಂಜಿಯರ್ ಊರಿನವನು, ಅಂದರೆ ಆಫ್ರಿಕಾದವನೇ. 1331ರಲ್ಲಿ ಈಗಿನ ತಾಂಜಾನಿಯಾದ ಕಿಲ್ವಾ ನೋಡಿದ. ಚೆಂದದ ಊರು ಅಂತ ಹೊಗಳಿದ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆ, ಹುಡುಗರಿಗೆ ಇಪ್ಪತ್ಮೂರು ಶಾಲೆ ಇವೆ ಅಂತ ಬರೆದಿಟ್ಟ. ಆಫ್ರಿಕಾದಿಂದ ಬಂದವನೊಬ್ಬ ನಮ್ಮ ನಾಡಿನ ಹೆಣ್ಣುಮಕ್ಕಳ ಶಾಲೆ ಎಣಿಸಿ ಹೋಗಿದ್ದಾನೆ. ನಮ್ಮ ಕ್ಲಾಸಿನ ಹುಡುಗಿಯರು ಇದನ್ನು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ದಾರೆ.

ಸಿದ್ದಿಗಳ ಬಗ್ಗೆ ಹೇಳುವಾಗ ನಾನು ಹುಷಾರಾಗಿರುತ್ತೇನೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಸಿದ್ದಿಗಳ ಹಿರಿಯರು ಪೂರ್ವ ಆಫ್ರಿಕಾದಿಂದ ಬಂದವರು. ಅನೇಕರನ್ನು ಪೋರ್ಚುಗೀಸರು, ಅರಬರು ಗುಲಾಮರಾಗಿ ತಂದರು. ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದವರೂ ಇದ್ದಾರೆ. ಆದರೆ ಇವತ್ತಿನ ಸಿದ್ದಿ ಆಫ್ರಿಕಾದವರಲ್ಲ, ನಮ್ಮ ಉತ್ತರ ಕನ್ನಡದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಳೆ ಸೀರೆ ಬಟ್ಟೆಯ ಚೂರುಗಳನ್ನು ಸೇರಿಸಿ ಅವರ ಹೆಂಗಸರು ಹೊಲಿಯುವ ಕವಂದಿ, ಅಂದರೆ ಕೌದಿ, ನೋಡಿದರೆ ಕಣ್ಣು ತೆಗೆಯಲು ಆಗಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ಬಂದರು, ಆ ಸಮುದಾಯದಿಂದ ಮೊದಲಿಗರು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಅನ್ನುವ ಹಬ್ಶಿ, ಅಂದರೆ ಆಫ್ರಿಕಾ ಮೂಲದ, ಮಂತ್ರಿ ಇದ್ದ. ಹಳೆಯ ಚಿತ್ರಗಳಲ್ಲಿ ಸುಲ್ತಾನನ ಪಕ್ಕದಲ್ಲೇ ಕಾಣುತ್ತಾನೆ. ಗುಲಾಮರಾಗಿ ಬಂದವರು ಅನ್ನುವಲ್ಲಿಗೇ ಪಾಠ ನಿಲ್ಲಿಸಬಾರದು ಅಂತ ಅವನ ಚಿತ್ರವನ್ನೂ ತೋರಿಸುತ್ತೇನೆ.

ಒಂದು ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಶಾಲಾ ವಾರ್ಷಿಕೋತ್ಸವಗಳ "ಆಫ್ರಿಕನ್ ಡ್ಯಾನ್ಸ್". ಮಕ್ಕಳ ಮೈಗೆಲ್ಲ ಕಪ್ಪು ಬಣ್ಣ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ಕೈಗೆ ಈಟಿ ಕೊಟ್ಟು ಕುಣಿಸುವುದು. ಹತ್ತಿರದ ಒಂದು ಶಾಲೆಯಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಗೇಟಿನ ಹೊರಗೆ ಇಬ್ಬರು ನೈಜೀರಿಯಾದ ಹುಡುಗರು ನಿಂತು ನೋಡುತ್ತಿದ್ದರು. ಅವರು ಏನೂ ಹೇಳಲಿಲ್ಲ, ಹೋದರು. ದಯವಿಟ್ಟು, ಟೀಚರುಗಳೇ, ಇದನ್ನು ಬಿಟ್ಟುಬಿಡಿ. ಕುಣಿತವೇ ಬೇಕಿದ್ದರೆ ಯಾವ ಊರಿನದು, ಯಾವ ಹಬ್ಬದ್ದು ಅಂತ ತಿಳಿದು, ಗೊತ್ತಿರುವವರಿಂದ ಕಲಿತು ಮಾಡಿಸಿ. ಬಣ್ಣ ಮಾತ್ರ ಬೇಡ.

ಕೊನೆಯ ಕೆಲವು ವಾರ ನಾವು ಕೀನ್ಯಾದಲ್ಲಿದ್ದೇವೆ. ಅಲ್ಲಿನ ಹೆಸರಾಂತ ಕಾದಂಬರಿಕಾರ ಗೂಗಿ ವಾ ಥಿಯಾಂಗೊ ಹೋದ ವರ್ಷ, 2025ರ ಮೇ 28ರಂದು ತೀರಿಕೊಂಡರು. ನೈರೋಬಿ ಹತ್ತಿರದ ಲಿಮುರು ಕಡೆಯವರು. ಇಂಗ್ಲಿಷಿನಲ್ಲಿ ದೊಡ್ಡ ಹೆಸರು ಮಾಡಿದ ಮೇಲೆ ತಮ್ಮ ಗಿಕುಯು ಭಾಷೆಗೆ ತಿರುಗಿದರು. ಊರಿನ ಜನರ ಜೊತೆ ಗಿಕುಯುದಲ್ಲಿ ನಾಟಕ ಮಾಡಿಸಿದ್ದಕ್ಕೆ 1977ರ ಕೊನೆಯಲ್ಲಿ ಸರ್ಕಾರ ಹಿಡಿದು ಒಂದು ವರ್ಷ ಜೈಲಿನಲ್ಲಿಟ್ಟಿತು. ವಿಚಾರಣೆಯೇ ಇಲ್ಲ. ಅಲ್ಲಿ ಶೌಚಾಲಯದ ಕಾಗದದ ಮೇಲೆ ಗಿಕುಯುದಲ್ಲೇ ಕಾದಂಬರಿ ಬರೆದರು.

ಅವರು ಹೇಳಿಕೊಂಡ ಬಾಲ್ಯದ ಒಂದು ಸಂಗತಿ ಇದೆ. 1952ರ ನಂತರ ಬ್ರಿಟಿಷರು ಅಲ್ಲಿನ ಶಾಲೆಗಳನ್ನು ಕೈಗೆ ತೆಗೆದುಕೊಂಡರು. ಶಾಲೆಯ ಹತ್ತಿರ ಗಿಕುಯು ಮಾತಾಡಿ ಸಿಕ್ಕಿಬಿದ್ದರೆ ಬೆತ್ತದ ಏಟು. ಇಲ್ಲದಿದ್ದರೆ "ನಾನು ಕತ್ತೆ" ಅಂತ ಬರೆದ ಲೋಹದ ಫಲಕ ಕೊರಳಿಗೆ. ಕೆಲವೊಮ್ಮೆ ದುಡ್ಡಿನ ದಂಡ. ಹಿಡಿಯುವುದು ಹೇಗೆ? ಬೆಳಿಗ್ಗೆ ಒಬ್ಬ ಹುಡುಗನ ಕೈಗೆ ಒಂದು ಗುಂಡಿ, ಅದೇ ಅಂಗಿಯ ಗುಂಡಿ, ಕೊಡುತ್ತಿದ್ದರು. ಮನೆಮಾತು ಆಡಿದವನು ಸಿಕ್ಕರೆ ಅವನಿಗೆ ದಾಟಿಸಬೇಕು. ಅವನು ಇನ್ನೊಬ್ಬನಿಗೆ. ಸಂಜೆ ಗುಂಡಿ ಯಾರ ಹತ್ತಿರ ಇದೆಯೋ ಅವನು ಯಾರಿಂದ ಬಂತು ಅಂತ ಹೇಳಬೇಕು, ಅವನು ಅದರ ಹಿಂದಿನವನ ಹೆಸರು. ಹೀಗೆ ಎಲ್ಲರೂ ಸಿಕ್ಕಿಬೀಳುತ್ತಿದ್ದರು. ಮಕ್ಕಳೇ ಮಕ್ಕಳ ಮೇಲೆ ಪತ್ತೇದಾರರು.

ಇದನ್ನು ಹೇಳಿ ಮುಗಿಸಿದಾಗ ನಕ್ಷೆ ಹತ್ತಿರ ಯಾರೂ ಹೋಗಲಿಲ್ಲ. ಕಳೆದ ವರ್ಷ ಒಂದು ಪ್ರೈವೇಟ್ ಶಾಲೆಯಿಂದ ನಮ್ಮಲ್ಲಿಗೆ ಸೇರಿದ ಹುಡುಗಿ ಕೈ ಎತ್ತಿದಳು. "ಮಿಸ್, ನಮ್ಮ ಹಳೆ ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಲೀಡರ್ ಹೆಸರು ಬರ್ಕೋತಿದ್ಳು. ಒಂದು ಸಲಕ್ಕೆ ಐದು ರೂಪಾಯಿ." ಇನ್ನೊಬ್ಬ ಹೇಳಿದ, ಅವನ ಶಾಲೆಯಲ್ಲೂ ಇತ್ತು. ಮತ್ತೊಬ್ಬಳು ಅವಳೇ ಲೀಡರ್ ಆಗಿದ್ದಳು. ಯಾರ ಹೆಸರು ಬರೆದಿದ್ದಳೋ ಅವಳು ಈಗಲೂ ಮಾತಾಡಿಸಲ್ಲವಂತೆ. ಅವತ್ತಿನ ಕ್ಲಾಸು ಒಂದೂವರೆ ಗಂಟೆಗೆ ಮುಗಿಯಲಿಲ್ಲ. ಗೂಗಿ ಅಂತ ಹೆಸರು ಹೇಳಲು ಬಾರದ ಮಕ್ಕಳೂ ಅವರನ್ನು ತಮ್ಮ ಕ್ಲಾಸಿನ ಹುಡುಗನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. "ಅವನು ಗುಂಡಿ ಬಿಸಾಕಬೇಕಿತ್ತು ಮಿಸ್." "ಬಿಸಾಕಿದ್ರೆ ಇನ್ನೂ ಜಾಸ್ತಿ ಹೊಡೀತಿದ್ರು."

ಈಗ ಅವರೇ ಇದನ್ನು ನಾಟಕ ಮಾಡುತ್ತೇವೆ ಅಂತ ಹೊರಟಿದ್ದಾರೆ. ಲಿಮುರುವಿನ ಶಾಲೆ ಒಂದು ದೃಶ್ಯ, ಬೆಂಗಳೂರಿನ ಶಾಲೆ ಒಂದು ದೃಶ್ಯ. ಹಿಂದೆ ಲೀಡರ್ ಆಗಿದ್ದ ಹುಡುಗಿ ಲೀಡರ್ ಪಾತ್ರ ತನಗೇ ಬೇಕು ಅಂದಿದ್ದಾಳೆ. ಉಗಾಂಡಾದ ಅಕ್ಕನನ್ನು ಕರೆಯಬೇಕು ಅಂತ ಎಲ್ಲರೂ ಹಟ ಹಿಡಿದಿದ್ದಾರೆ. ಅದು ಕೀನ್ಯಾದ ಕತೆ, ಅವಳ ಊರಿನದ್ದಲ್ಲ ಅಂತ ಒಬ್ಬ ತಕ್ಷಣ ನೆನಪಿಸಿದ. ನೋಡಲು ಬರಬಹುದಲ್ಲ ಅಂತ ಇನ್ನೊಬ್ಬಳು. ಬೆತ್ತ ಹಿಡಿಯುವ ಮೇಷ್ಟ್ರ ಪಾತ್ರಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ಅದನ್ನು ನಾನೇ ಮಾಡುತ್ತೇನೆ ಅಂದಿದ್ದೇನೆ. ಮುಂದಿನ ಶನಿವಾರದಿಂದ ರಿಹರ್ಸಲ್ ಶುರು.